ಆಟದ ನಡುವೆ ಕಪ್ಪಾಗುವ ಪರದೆ: ದೋಷ ಪತ್ತೆಯನ್ನು ಪಾಠವಾಗಿಸುವ ಬಗೆ

ನೈದಾನಿಕ ಪರೀಕ್ಷೆ ಮತ್ತು ಪರಿಹಾರ ಬೋಧನೆ ಎಂಬುದು ಬಿ.ಎಡ್. ತರಗತಿಯಲ್ಲಿ ನಾವೆಲ್ಲ ಒಂದು ದಾಖಲೆ ಪುಸ್ತಕ ಬರೆದು ಒಪ್ಪಿಸುವ ವಿಷಯ. ಮಗು ಲೆಕ್ಕದಲ್ಲಿ ತಪ್ಪಿದರೆ ಯಾವ ಹಂತದಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ತಿಳಿಯುವವರೆಗೆ ಪರಿಹಾರಕ್ಕೆ ಕೈ ಹಾಕಬಾರದು ಎನ್ನುವುದು ಅದರ ತಿರುಳು. ಈ ತಿರುಳನ್ನು ಶಿಕ್ಷಕರಷ್ಟೇ ತಿಳಿದುಕೊಂಡರೆ ಸಾಕೇ, ಮಕ್ಕಳ ಕೈಗೂ ಕೊಡಬಹುದೇ ಎಂಬ ಪ್ರಶ್ನೆಯಿಂದ ಈ ಲೇಖನ ಹುಟ್ಟಿದೆ. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ, ಕಂಪ್ಯೂಟರ್ ಆಟ ಆಡುವಾಗ ಗ್ರಾಫಿಕ್ಸ್ ಕಾರ್ಡ್ ಕೈಕೊಡುವ ತೊಂದರೆ.

ಉದಾಹರಣೆಯನ್ನು ಆರಿಸಿಕೊಟ್ಟವರು ಮಕ್ಕಳೇ. ನಾನು ಬಿ.ಎಡ್. ಸೇರುವ ಮೊದಲು ಅರಸೀಕೆರೆಯ ಒಂದು ಕಂಪ್ಯೂಟರ್ ದುರಸ್ತಿ ಅಂಗಡಿಯಲ್ಲಿ ಎರಡು ವರ್ಷ ಕೆಲಸ ಮಾಡಿದವನು. ಬೋಧನಾಭ್ಯಾಸದ ಮೊದಲ ಹಂತ ಅರಸೀಕೆರೆಯಲ್ಲಿ ನಡೆಯಿತು, ಆಮೇಲಿನ ಹಂತಗಳಲ್ಲಿ ನಮ್ಮ ತಂಡ ಹಳೇಬೀಡಿಗೆ ಮತ್ತು ಬೇಲೂರಿಗೆ ಹೋಯಿತು. ಹಳೆಯ ಕೆಲಸದ ವಿಷಯ ಹೇಗೋ ಮಕ್ಕಳ ಕಿವಿಗೆ ಬಿದ್ದು, ಮೂರೂ ಊರಿನಲ್ಲಿ ಒಂದೇ ದೂರು ಬಂತು: "ಸಾರ್, ಗೇಮ್ ಶುರು ಮಾಡಿ ಸ್ವಲ್ಪ ಹೊತ್ತಿಗೆ ಸ್ಕ್ರೀನ್ ಕಪ್ಪಾಗುತ್ತೆ. ಬೇರೆ ಏನು ಮಾಡಿದ್ರೂ ಚೆನ್ನಾಗೇ ಇರುತ್ತೆ." ದೂರು ಒಂದೇ ಆದರೂ ಮೂರು ಮನೆಗಳಲ್ಲಿ ಕಾರಣ ಮೂರು ಬಗೆಯದಾಗಿತ್ತು. ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಸಿಗಲಿಲ್ಲ.

ಕಾರ್ಡ್ ಮಾಡುವ ಕೆಲಸ

ಪರದೆಯ ಮೇಲೆ ನಾವು ಕಾಣುವ ಚಿತ್ರ ಸಣ್ಣ ಚುಕ್ಕೆಗಳ ಒಂದು ಜೋಡಣೆ. ಸಾಮಾನ್ಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕೆಗಳಿರುತ್ತವೆ. ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಚಿತ್ರ ಬೇಕು. ಅಂದರೆ ಒಂದು ಸೆಕೆಂಡಿಗೆ 12,44,16,000 ಚುಕ್ಕೆಗಳ ಬಣ್ಣವನ್ನು ಲೆಕ್ಕ ಹಾಕಿ ಕೂರಿಸಬೇಕು. ಈ ಗುಣಾಕಾರವನ್ನು ಹಲಗೆಯ ಮೇಲೆ ಮಕ್ಕಳಿಂದಲೇ ಮಾಡಿಸಿ. ಕಾರ್ಡ್ ಏಕೆ ಬೇಕು ಎಂದು ಆಮೇಲೆ ವಿವರಿಸಬೇಕಾದ ಅಗತ್ಯವೇ ಬರುವುದಿಲ್ಲ.

ಈ ಕೆಲಸವನ್ನು ಒಬ್ಬರೇ ಮಾಡಲಾಗದು. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಕೆಳಗೆ ದಾಸೋಜ, ಚಾವಣ ಮೊದಲಾದ ರೂವಾರಿಗಳ ಹೆಸರುಗಳಿವೆ. ಇಡೀ ಕಟ್ಟಡದ ಲೆಕ್ಕಾಚಾರ ಸ್ಥಪತಿಯದು, ಕೆತ್ತನೆ ನೂರಾರು ಕೈಗಳದು ಎಂದು ಈ ಭಾಗದ ಮಕ್ಕಳಿಗೆ ಹೇಳಿದರೆ ಥಟ್ಟನೆ ಅರ್ಥವಾಗುತ್ತದೆ. ಕಂಪ್ಯೂಟರಿನ ಪ್ರೊಸೆಸರ್ ಸ್ಥಪತಿಯಿದ್ದಂತೆ. ಗ್ರಾಫಿಕ್ಸ್ ಕಾರ್ಡ್ ತಮ್ಮ ತಮ್ಮ ಪಾಲಿನ ಕಲ್ಲನ್ನು ಒಟ್ಟಿಗೇ ಕೆತ್ತುವ ಶಿಲ್ಪಿಗಳ ಗುಂಪಿದ್ದಂತೆ. 2017ರಲ್ಲಿ ಬಂದ ಆರ್‌ಎಕ್ಸ್ 580 ಎಂಬ ಕಾರ್ಡಿನಲ್ಲಿ ಇಂಥ 2304 ಸಣ್ಣ ಘಟಕಗಳಿವೆ.

ಪತ್ರ ಬರೆಯುವಾಗ, ವಿಡಿಯೋ ನೋಡುವಾಗ ಈ ಘಟಕಗಳಲ್ಲಿ ಹೆಚ್ಚಿನವು ಸುಮ್ಮನಿರುತ್ತವೆ. ಆಟ ಶುರುವಾದೊಡನೆ ಎಲ್ಲವೂ ಎದ್ದು ದುಡಿಯುತ್ತವೆ. ಕೆಲವೇ ವ್ಯಾಟ್ ಬಳಸುತ್ತಿದ್ದ ಕಾರ್ಡ್ ನೂರೈವತ್ತು, ಇನ್ನೂರು ವ್ಯಾಟ್ ಎಳೆಯತೊಡಗುತ್ತದೆ. ಎಳೆದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಹೊರಬರಲೇಬೇಕು. ಶಾಖ ಹೊರಹೋಗುವ ದಾರಿಯಲ್ಲಿ ಎಲ್ಲಿ ಅಡ್ಡಿಯಿದೆ, ವಿದ್ಯುತ್ ಬರುವ ದಾರಿಯಲ್ಲಿ ಎಲ್ಲಿ ಕೊರತೆಯಿದೆ, ಆಜ್ಞೆ ಸಾಗುವ ದಾರಿಯಲ್ಲಿ ಎಲ್ಲಿ ಗೊಂದಲವಿದೆ ಎಂಬುದು ಆಗ ಹೊರಬೀಳುತ್ತದೆ. ಆದ್ದರಿಂದಲೇ "ಆಟ ಆಡಿ ಕಂಪ್ಯೂಟರ್ ಕೆಡಿಸಿದ" ಎಂಬ ಮನೆಮಾತು ಬಹಳ ಸಲ ತಲೆಕೆಳಗಾಗಿರುತ್ತದೆ. ಆಗಲೇ ಇದ್ದ ದೋಷವನ್ನು ಆಟ ತೋರಿಸಿಕೊಟ್ಟಿರುತ್ತದೆ. ಮಗು ಎಷ್ಟು ಹೊತ್ತು ಆಡಬೇಕು ಎಂಬುದು ತಂದೆತಾಯಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಏಟಿಗೆ ಬಗೆಹರಿಸಲು ಹೋದರೆ ಬೈಗುಳಕ್ಕೆ ಹೆದರಿದ ಮಗು ಯಂತ್ರದ ತೊಂದರೆಯನ್ನೇ ಮುಚ್ಚಿಡಲು ಕಲಿಯುತ್ತದೆ.

ಲಕ್ಷಣವನ್ನು ಓದುವುದು

"ಕಪ್ಪಾಗುತ್ತದೆ" ಎಂಬ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ಘಟನೆಗಳು ಅಡಗಿರುತ್ತವೆ. ಮೊದಲ ಕೆಲಸ ಇವನ್ನು ಬಿಡಿಸಿ ಕೇಳುವುದು.

ಒಂದು, ಆಟ ಮಾತ್ರ ಮುಚ್ಚಿ ಡೆಸ್ಕ್‌ಟಾಪ್ ಕಾಣಿಸುವುದು. ಒಂದೇ ಆಟದಲ್ಲಿ ಹೀಗಾದರೆ ಮೊದಲ ಅನುಮಾನ ಆ ಆಟದ ಕಡತಗಳ ಮೇಲೆ. ಸ್ಟೀಮ್‌ನಂಥ ತಾಣದಿಂದ ಇಳಿಸಿದ ಆಟವಾದರೆ ಕಡತಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಸೌಲಭ್ಯ ಅಲ್ಲೇ ಇರುತ್ತದೆ.

ಎರಡು, ಪರದೆ ಒಂದೆರಡು ಕ್ಷಣ ಕಪ್ಪಾಗಿ ಮರಳಿ ಬರುವುದು. ವಿಂಡೋಸ್ ಕೊಟ್ಟ ಕೆಲಸಕ್ಕೆ ಕಾರ್ಡ್ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ಡ್ರೈವರ್ ಅನ್ನು ಮತ್ತೆ ಶುರು ಮಾಡುವ ಏರ್ಪಾಡು ವಿಸ್ಟಾ ಕಾಲದಿಂದ ಇದೆ. ಈ 2 ಸೆಕೆಂಡಿನ ಗಡುವನ್ನು ಹೆಚ್ಚಿಸಿಬಿಡಿ ಎಂದು ಹಲವರು ಸಲಹೆ ಕೊಡುತ್ತಾರೆ. ಅದು ಪ್ರಶ್ನೆಯೇ ಅರ್ಥವಾಗದ ಮಗುವಿಗೆ ಪರೀಕ್ಷೆಯ ಸಮಯ ಹೆಚ್ಚಿಸಿದಂತೆ.

ಮೂರು, ನೀಲಿ ಪರದೆ ಬಂದು ಸಂದೇಶ ಕಾಣಿಸುವುದು. ಮರಳಿ ಶುರು ಮಾಡುವ ಯತ್ನವೂ ಸೋತಾಗ ವಿಡಿಯೋ ಟಿಡಿಆರ್ ಫೇಲ್ಯೂರ್ ಎಂದು ಬರುವುದುಂಟು. ಸಂದೇಶವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಮಕ್ಕಳಿಗೆ ಹೇಳಿಕೊಡಬೇಕಾದ ಮೊದಲ ಅಭ್ಯಾಸ.

ನಾಲ್ಕು, ಯಾವ ಸಂದೇಶವೂ ಇಲ್ಲದೆ ಯಂತ್ರವೇ ಆರಿಹೋಗುವುದು ಅಥವಾ ಮತ್ತೆ ಶುರುವಾಗುವುದು. ಇಲ್ಲಿ ಮೊದಲ ಅನುಮಾನ ವಿದ್ಯುತ್ ಪೂರೈಕೆಯ ಮೇಲೆ.

ಐದು, ಕಪ್ಪಾಗುವ ಮೊದಲು ಬಣ್ಣದ ಚುಕ್ಕೆ, ಪಟ್ಟೆ, ಚೌಕಗಳು ಮೂಡುವುದು. ಕಾರ್ಡಿನ ಮೇಲೇ ಇರುವ ಸ್ಮೃತಿಯ ಚಿಪ್‌ಗಳು ಅಥವಾ ಮುಖ್ಯ ಚಿಪ್ ಸೋಲುತ್ತಿರುವ ಸೂಚನೆ ಇದು.

ಇವು ಸೂಚನೆಗಳಷ್ಟೇ, ತೀರ್ಪುಗಳಲ್ಲ. ಸೂಚನೆಯಿಂದ ಪ್ರಾಕಲ್ಪನೆ ಕಟ್ಟಿ ಅದನ್ನು ಪರೀಕ್ಷಿಸಬೇಕು. ಪರೀಕ್ಷಿಸುವಾಗ ನಾನು ಪಾಲಿಸುವ ನಿಯಮಗಳು ಮೂರು: ಖರ್ಚಿಲ್ಲದ್ದು ಮೊದಲು, ಹಿಂದಕ್ಕೆ ಮರಳಿಸಬಹುದಾದದ್ದು ಮೊದಲು, ಒಂದು ಸಲಕ್ಕೆ ಒಂದೇ ಬದಲಾವಣೆ. ಕಾರ್ಡನ್ನು ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸುತ್ತಿದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಮೂಲ ವೇಗಕ್ಕೆ ತರಬೇಕು. ಈ ನಿಯಮಗಳು ಮೂರು ಮನೆಗಳಲ್ಲಿ ಹೇಗೆ ಕೆಲಸ ಮಾಡಿದವು ಎಂಬುದನ್ನು ಮುಂದೆ ಬರೆದಿದ್ದೇನೆ.

ಅರಸೀಕೆರೆ: ಶಾಖದ ದಾರಿ

ಅರಸೀಕೆರೆಯ ಹುಡುಗ ಒಂಬತ್ತನೆಯ ತರಗತಿಯವನು. ತಂದೆಯದು ಕೊಬ್ಬರಿ ವ್ಯಾಪಾರ. ಆಟ ಹತ್ತು ಹದಿನೈದು ನಿಮಿಷ ಚೆನ್ನಾಗಿ ನಡೆದು ಆಮೇಲೆ ತಡವರಿಸಿ ನಿಲ್ಲುತ್ತಿತ್ತು. ತಕ್ಷಣ ಮತ್ತೆ ಶುರು ಮಾಡಿದರೆ ಮೂರು ನಾಲ್ಕು ನಿಮಿಷಕ್ಕೇ ನಿಲ್ಲುತ್ತಿತ್ತು. ಊಟ ಮಾಡಿ ಬಂದು ಆಡಿದರೆ ಮತ್ತೆ ಹದಿನೈದು ನಿಮಿಷ. ಹೀಗೆ ವಿಶ್ರಾಂತಿ ಕೊಟ್ಟಷ್ಟು ಹೊತ್ತು ಓಡುವ ಯಂತ್ರ ಕಂಡರೆ ಶಾಖದ ಮೇಲೆ ಅನುಮಾನ ಪಡಬೇಕು.

ಅನುಮಾನವನ್ನು ಅಳತೆಯಾಗಿಸಲು ಜಿಪಿಯು-ಝಡ್, ಎಚ್‌ಡಬ್ಲ್ಯೂ ಇನ್ಫೋ ಎಂಬ ಉಚಿತ ತಂತ್ರಾಂಶಗಳಿವೆ. ಇವು ಕಾರ್ಡಿನ ಉಷ್ಣತೆ, ಫ್ಯಾನಿನ ವೇಗ, ಬಳಸುತ್ತಿರುವ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ದಾಖಲಿಸಿ ಕಡತದಲ್ಲಿ ಇಡುತ್ತವೆ. ಯಂತ್ರ ನಿಂತರೂ ನಿಲ್ಲುವ ಮುಂಚಿನ ಅಂಕಿಗಳು ಉಳಿದಿರುತ್ತವೆ. ಆಟದ ಹೊತ್ತಿನಲ್ಲಿ 80ರ ಆಸುಪಾಸು ಡಿಗ್ರಿ ಸೆಲ್ಸಿಯಸ್ ಅನೇಕ ಕಾರ್ಡ್‌ಗಳಿಗೆ ಸಹಜ. 90 ದಾಟಿದರೆ ಎಚ್ಚರ ವಹಿಸಬೇಕು. ಬಿಸಿ ಏರಿದಂತೆ ಕಾರ್ಡ್ ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ. ಹುಡುಗ ಹೇಳುತ್ತಿದ್ದ ತಡವರಿಕೆ ಅದೇ. ಅವನ ಕಡತದಲ್ಲಿ ಉಷ್ಣತೆ ಏರುತ್ತ ಹೋಗಿ 90 ದಾಟಿದ ಮೇಲೆ ಸಾಲು ಕಡಿದಿತ್ತು.

ಖರ್ಚಿಲ್ಲದ ಪರೀಕ್ಷೆಯೊಂದನ್ನು ಮೊದಲು ಮಾಡಿದೆವು. ಮಕ್ಕಳು ಸಿಪಿಯು ಎಂದೇ ಕರೆಯುವ ಪೆಟ್ಟಿಗೆಯ ಪಕ್ಕದ ತಗಡು ತೆಗೆದು ಅದೇ ಆಟ ಆಡಿದಾಗ ಯಂತ್ರ ಮೊದಲಿಗಿಂತ ಹೆಚ್ಚು ಹೊತ್ತು ಓಡಿತು. ಗಾಳಿಯ ದಾರಿಯಲ್ಲಿ ಅಡ್ಡಿಯಿದೆ ಎಂಬ ಪ್ರಾಕಲ್ಪನೆಗೆ ಬಲ ಬಂತು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾರ್ಡ್ ಹೊರತೆಗೆದು ನೋಡಿದರೆ ಅದರ ಶಾಖಹಾರಿಯ ರೆಕ್ಕೆಗಳ ನಡುವೆ ತೆಂಗಿನ ನಾರು ಮತ್ತು ದೂಳು ಕಂಬಳಿಯಂತೆ ಕೂತಿತ್ತು. ಆ ಮನೆಯಲ್ಲಿ ಅಟ್ಟದ ಮೇಲೆ ಒಣಗಿದ ಕಾಯಿಯನ್ನು ಕೆಳಗಿಳಿಸಿ ಸುಲಿಯುವುದು ಕಂಪ್ಯೂಟರ್ ಇಟ್ಟ ಕೋಣೆಯ ಬಾಗಿಲಲ್ಲೇ. ಪೆಟ್ಟಿಗೆ ನೆಲದ ಮೇಲಿತ್ತು. ಫ್ಯಾನ್ ಗಾಳಿಯ ಜೊತೆಗೆ ನಾರನ್ನೂ ಎಳೆದುಕೊಳ್ಳುತ್ತಿತ್ತು.

ಬ್ಲೋಯರ್‌ನಿಂದ ದೂಳು ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಬೇಕು, ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾದೀತು. ಸ್ವಚ್ಛಮಾಡಿ, ಪೆಟ್ಟಿಗೆಯನ್ನು ಮೇಜಿನ ಮೇಲೇರಿಸಿದ ಮೇಲೆ ಉಷ್ಣತೆ ಎಪ್ಪತ್ತರ ಮೇಲೆ ಸ್ವಲ್ಪದರಲ್ಲೇ ನಿಂತಿತು. ಖರ್ಚು ಏನೂ ಆಗಲಿಲ್ಲ. ಇಷ್ಟರಲ್ಲೂ ಉಷ್ಣತೆ ಇಳಿಯದಿದ್ದರೆ ಚಿಪ್ ಮತ್ತು ಶಾಖಹಾರಿಯ ನಡುವಿನ ಪೇಸ್ಟ್ ಒಣಗಿದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ.

ಹಳೇಬೀಡು: ವಿದ್ಯುತ್ತಿನ ಲೆಕ್ಕ

ಹಳೇಬೀಡಿನ ಮನೆಯಲ್ಲಿ ಒಂದೇ ಕಂಪ್ಯೂಟರನ್ನು ಇಬ್ಬರು ಬಳಸುತ್ತಿದ್ದರು. ಅಕ್ಕ ಪಿಯುಸಿ, ತಮ್ಮ ಹತ್ತನೆಯ ತರಗತಿ. ಆಲೂಗಡ್ಡೆ ಮಾರಿದ ಹಣದಲ್ಲಿ ತಂದೆ ಕೊಡಿಸಿದ್ದ ಯಂತ್ರ. ಆಮೇಲೆ ಸಂಬಂಧಿಕರೊಬ್ಬರ ಮೂಲಕ ಬೆಂಗಳೂರಿನಿಂದ ಒಂದು ಹಳೆಯ ಆರ್‌ಎಕ್ಸ್ 580 ಕಾರ್ಡ್ ತರಿಸಿ ಸೇರಿಸಿದ್ದರು. ಆಟ ಶುರುವಾಗಿ ದೊಡ್ಡ ದೃಶ್ಯ ಬಂದೊಡನೆ ಯಂತ್ರ ತಟ್ಟನೆ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ನಾನು ಹೋಗುವ ಹೊತ್ತಿಗೆ ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿಸಿಯಾಗಿತ್ತು. ಅಕ್ಕ ಟೈಪ್ ಮಾಡಿಟ್ಟಿದ್ದ ಟಿಪ್ಪಣಿಗಳು, ವಿದ್ಯಾರ್ಥಿವೇತನಕ್ಕೆಂದು ಸ್ಕ್ಯಾನ್ ಮಾಡಿಟ್ಟಿದ್ದ ಕಾಗದಗಳು ಎಲ್ಲ ಅಳಿಸಿಹೋಗಿದ್ದವು. ತೊಂದರೆ ಹಾಗೇ ಉಳಿದಿತ್ತು. ಅಕ್ಕ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ತಂದೆ ನನ್ನನ್ನು ಕಂಡವರೇ, "ಮೇಷ್ಟ್ರೇ, ಇವನು ಆಡೀ ಆಡೀ ಮಿಷನ್ನೇ ಕೆಡಿಸಿಬಿಟ್ಟ. ಬಂದಷ್ಟಕ್ಕೆ ಕಾರ್ಡ್ ಮಾರಿಬಿಡೋಣ ಅಂತಿದೀನಿ" ಎಂದರು.

ಪತ್ತೆಗೆ ಮೊದಲೇ ಕೊಡುವ ಪರಿಹಾರ ಎಷ್ಟು ದುಬಾರಿಯಾದೀತು ಎಂಬುದಕ್ಕೆ ಈ ಮನೆಯೇ ಸಾಕ್ಷಿ. ಫಾರ್ಮ್ಯಾಟ್ ಹಿಂದಕ್ಕೆ ಮರಳಿಸಲಾಗದ ಕೆಲಸ. ಜೊತೆಗೆ ಅದು ದೋಷದ ದಾಖಲೆಯನ್ನೂ ಅಳಿಸುತ್ತದೆ. ವಿಂಡೋಸ್‌ನಲ್ಲಿ ಇವೆಂಟ್ ವ್ಯೂವರ್ ಎಂಬ ದಿನಚರಿಯಿದೆ. ಯಾವಾಗ ಏನಾಯಿತು ಎಂದು ಅದು ಸಂಖ್ಯೆ ಸಹಿತ ಬರೆದಿಡುತ್ತದೆ. ಫಾರ್ಮ್ಯಾಟ್ ಆದ ಮೇಲಿನ ಕೆಲವೇ ದಿನಗಳಲ್ಲಿ ಅಲ್ಲಿ 41 ಎಂಬ ಸಂಖ್ಯೆ ಹಲವು ಸಲ ದಾಖಲಾಗಿತ್ತು. ಯಂತ್ರ ಕ್ರಮವಾಗಿ ಮುಚ್ಚದೆ ನಿಂತಿದೆ ಎಂದಷ್ಟೇ ಅದರ ಅರ್ಥ. ಏಕೆ ನಿಂತಿತು ಎಂದು ಅದು ಹೇಳುವುದಿಲ್ಲ. ಉಷ್ಣತೆಯ ಕಡತ ನೋಡಿದರೆ 65 ಡಿಗ್ರಿಯಲ್ಲೇ ಸಾಲು ಕಡಿದಿತ್ತು. ಶಾಖ ಕಾರಣವಲ್ಲ.

ಉಳಿದದ್ದು ವಿದ್ಯುತ್. ಪೆಟ್ಟಿಗೆಯೊಳಗೆ ಮನೆಯ 230 ವೋಲ್ಟ್ ಅನ್ನು 12 ವೋಲ್ಟ್ ಮುಂತಾಗಿ ಇಳಿಸಿ ಹಂಚುವ ಭಾಗವನ್ನು ಅಂಗಡಿಗಳಲ್ಲಿ ಎಸ್‌ಎಂಪಿಎಸ್ ಎನ್ನುತ್ತಾರೆ. ಅದರ ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿತ್ತು. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಸಾಲಿಗೆ 18 ಆಂಪಿಯರ್ ಎಂದಿತ್ತು. ಹುಡುಗನಿಗೆ ಪೆನ್ನು ಕೊಟ್ಟೆ. ಸಾಮರ್ಥ್ಯ ಎಂದರೆ ವಿಭವಾಂತರ ಮತ್ತು ವಿದ್ಯುತ್ ಪ್ರವಾಹದ ಗುಣಲಬ್ಧ ಎಂದು ಹಿಂದಿನ ವಾರವಷ್ಟೇ ತರಗತಿಯಲ್ಲಿ ಬರೆಸಿದ್ದೆ. 12 × 18 = 216 ವ್ಯಾಟ್ ಎಂದು ಬರೆದ. ಕಾರ್ಡಿಗೆ ಬೇಕಾದದ್ದು 185, ಪ್ರೊಸೆಸರಿಗೆ 65, ಎರಡೂ ಸೇರಿ 250. ಇದರ ಮೇಲೆ ಡಿಸ್ಕ್, ಫ್ಯಾನ್‌ಗಳ ಖರ್ಚು ಬೇರೆ. ಕಾರ್ಡ್ ಕ್ಷಣಮಾತ್ರ ಇದಕ್ಕಿಂತ ಹೆಚ್ಚು ಎಳೆಯುವುದೂ ಉಂಟು. ಹುಡುಗ ಎರಡು ಸಂಖ್ಯೆಗಳನ್ನೂ ನೋಡಿ, "ಸಾರ್, ಇದು ನಾನು ಆಡಿದ್ದಕ್ಕಲ್ಲ" ಎಂದ. ಅಕ್ಕ ಪಕ್ಕಕ್ಕೆ ಬಂದು ಲೆಕ್ಕ ನೋಡಿದಳು.

ಲೆಕ್ಕ ಸರಿಯೆನಿಸಿದರೂ ಪರೀಕ್ಷಿಸದೆ ಹಣ ಖರ್ಚು ಮಾಡಿಸಬಾರದು. ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶದಲ್ಲಿ ಕಾರ್ಡ್ ಬಳಸುವ ವಿದ್ಯುತ್ತಿನ ಮಿತಿ ತಗ್ಗಿಸಬಹುದು. 30 ಪ್ರತಿಶತ ತಗ್ಗಿಸಿದರೆ ಕಾರ್ಡಿನ ಪಾಲು ಸುಮಾರು 130 ವ್ಯಾಟ್, ಪ್ರೊಸೆಸರ್ ಸೇರಿ 195. ಹೀಗೆ ಮಾಡಿದ ಮೇಲೆ ಅದೇ ಆಟ ಅದೇ ದೃಶ್ಯದಲ್ಲಿ ನಿಲ್ಲಲಿಲ್ಲ. ಮಿತಿಯನ್ನು ಮೊದಲಿನಂತೆ ಮಾಡಿದಾಗ ಮತ್ತೆ ನಿಂತಿತು. ಮಿತಿ ತಗ್ಗಿಸಿದರೆ ಶಾಖವೂ ತಗ್ಗುತ್ತದೆ. ಆದ್ದರಿಂದ ಉಷ್ಣತೆಯ ಕಡತ ಮೊದಲೇ ನೋಡಿರದಿದ್ದರೆ ಈ ಪರೀಕ್ಷೆಯಿಂದ ಎರಡು ಕಾರಣಗಳಲ್ಲಿ ಯಾವುದು ಎಂದು ಹೇಳಲಾಗುತ್ತಿರಲಿಲ್ಲ. ಪರೀಕ್ಷೆಗಳ ಅನುಕ್ರಮ ಮುಖ್ಯ ಎಂದು ಮಕ್ಕಳಿಗೆ ತೋರಿಸಲು ಇದು ಒಳ್ಳೆಯ ಜಾಗ.

ಕಾರ್ಡ್ ಉಳಿಯಿತು, ಎಸ್‌ಎಂಪಿಎಸ್ ಬದಲಾಯಿತು. ಇಂಥ ಕಡೆ ನೋಡಬೇಕಾದ ಇನ್ನೆರಡು ವಿಷಯ ಹೇಳುತ್ತೇನೆ. ಮದರ್‌ಬೋರ್ಡಿನ ಕಿಂಡಿ ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಕಡ್ಡಿಯ ತಂತಿ ಇನ್ನೊಂದು 75, 8 ಕಡ್ಡಿಯದು 150. ಈ ತಂತಿ ಸಡಿಲವಾಗಿದ್ದರೂ ಇದೇ ಲಕ್ಷಣ ಕಾಣುತ್ತದೆ. ಎರಡನೆಯದು, 600 ವಿಎ ಎಂದು ಮಾರುವ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಸಂಜೆ ಪಂಪ್‌ಸೆಟ್‌ಗಳು ಓಡುವಾಗ ವೋಲ್ಟೇಜ್ ಇಳಿದು ಯುಪಿಎಸ್ ಬ್ಯಾಟರಿಗೆ ಹೊರಳುವ ಊರುಗಳಲ್ಲಿ, ಆಟದ ಹೊತ್ತಿನ ಹೊರೆ ತಾಳದೆ ಅದೇ ಆರಿಬಿಡಬಹುದು. ದೋಷ ಹಗಲಲ್ಲಿ ಕಾಣದೆ ಸಂಜೆ ಮಾತ್ರ ಕಾಣುತ್ತಿದ್ದರೆ ಗಡಿಯಾರ ನೋಡಿ ಬರೆದಿಡಲು ಹೇಳಿ.

ಒಂದು ಎಚ್ಚರಿಕೆ. ಎಸ್‌ಎಂಪಿಎಸ್ ಡಬ್ಬಿಯನ್ನು ಯಾರೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ, ಒಂದು ಸಲ ಅವರಿಂದ ಹೇಳಿಸಿ.

ಬೇಲೂರು: ಆಜ್ಞೆಯ ದಾರಿ

ಬೇಲೂರಿನ ದೂರು ಹತ್ತನೆಯ ತರಗತಿಯ ಹುಡುಗಿಯದು. ಅಣ್ಣನ ಜೊತೆ ಸೇರಿ ಕಾರ್ ರೇಸ್ ಆಡುತ್ತಿದ್ದಳು. ಪರದೆ ಎರಡು ಕ್ಷಣ ಕಪ್ಪಾಗಿ ಮರಳುತ್ತಿತ್ತು, ಆಟ ಮುಚ್ಚಿಹೋಗುತ್ತಿತ್ತು. ಉಷ್ಣತೆ, ವಿದ್ಯುತ್ತಿನ ಲೆಕ್ಕ ಎರಡೂ ಸರಿಯಿದ್ದವು. ಅಣ್ಣನಿಗೆ ಅವಸರ. ಪೇಸ್ಟ್ ಬದಲಿಸಿ, ಡ್ರೈವರ್ ಬದಲಿಸಿ, ರ‍್ಯಾಮ್ ಬದಲಿಸಿ ಎಲ್ಲ ಒಟ್ಟಿಗೆ ಮಾಡಿಬಿಡೋಣ ಎಂದ. ಎಲ್ಲ ಒಟ್ಟಿಗೆ ಮಾಡಿದರೆ ವಾಸಿಯಾದೀತು, ಆದರೆ ಯಾವುದರಿಂದ ವಾಸಿಯಾಯಿತು ಎಂದು ತಿಳಿಯದು, ಮುಂದಿನ ಸಲ ಮತ್ತೆ ಎಲ್ಲವನ್ನೂ ಮಾಡಬೇಕಾಗುತ್ತದೆ ಎಂದು ತಡೆದೆ.

ಅಲ್ಲಿ ಉಪಯೋಗಕ್ಕೆ ಬಂದ ಪ್ರಶ್ನೆ, "ಯಾವತ್ತಿನಿಂದ?" ಎಂಬುದು. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂಬ ಪುಟವಿದೆ. ಅದು ದಿನಕ್ಕೊಂದು ಕಂಬದಂತೆ ಯಾವ ದಿನ ಏನು ಕೆಟ್ಟಿತು, ಏನು ಹೊಸದಾಗಿ ಸೇರಿತು ಎಂದು ತೋರಿಸುತ್ತದೆ. ಮೊದಲ ಕೆಂಪು ಗುರುತು ಬಿದ್ದ ದಿನವೇ ಗ್ರಾಫಿಕ್ಸ್ ಡ್ರೈವರ್ ಸ್ಥಾಪನೆ ವಿಫಲವಾದ ದಾಖಲೆಯೂ ಇತ್ತು. ಹುಡುಗಿಗೆ ಆಗ ನೆನಪಾಯಿತು, "ಸಾರ್, ಅವತ್ತು ಅಣ್ಣ ಡ್ರೈವರ್ ಹಾಕ್ತಿದ್ದಾಗ ಕರೆಂಟ್ ಹೋಯ್ತು." ಇವೆಂಟ್ ವ್ಯೂವರ್‌ನಲ್ಲಿ ಅಂದಿನಿಂದ 4101 ಎಂಬ ಸಂಖ್ಯೆ ಸಾಲುಗಟ್ಟಿತ್ತು. ಡಿಸ್‌ಪ್ಲೇ ಡ್ರೈವರ್ ಉತ್ತರಿಸುವುದು ನಿಲ್ಲಿಸಿ ಮತ್ತೆ ಚೇತರಿಸಿಕೊಂಡಿದೆ ಎಂಬುದು ಅದರ ಅರ್ಥ.

ಡ್ರೈವರ್ ಎಂದರೆ ವಿಂಡೋಸ್ ಹೇಳಿದ್ದನ್ನು ಕಾರ್ಡಿನ ಭಾಷೆಗೆ ತಿಳಿಸುವ ದುಭಾಷಿ. ಅರ್ಧ ಹಳೆಯದು, ಅರ್ಧ ಹೊಸದು ಸೇರಿಕೊಂಡರೆ ಹಗುರವಾದ ಕೆಲಸ ಹೇಗೋ ನಡೆಯುತ್ತದೆ, ಹೊರೆ ಬಿದ್ದಾಗ ಗೊಂದಲವಾಗುತ್ತದೆ. ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವನ್ನೂ ಕಾರ್ಡ್ ತಯಾರಕರ ತಾಣದಿಂದ ಡ್ರೈವರನ್ನೂ ಮೊದಲೇ ಇಳಿಸಿಟ್ಟುಕೊಂಡು, ಅಂತರ್ಜಾಲದ ಸಂಪರ್ಕ ತೆಗೆದು, ಸೇಫ್ ಮೋಡ್‌ನಲ್ಲಿ ಹಳೆಯದೆಲ್ಲವನ್ನೂ ಅಳಿಸಿ, ಹೊಸದಾಗಿ ಹಾಕಿದೆವು. ಬೇರೆ ಏನನ್ನೂ ಮುಟ್ಟಲಿಲ್ಲ. ಪರದೆ ಕಪ್ಪಾಗುವುದು ನಿಂತಿತು.

ಮೂರರಲ್ಲೂ ಸಿಗದಿದ್ದರೆ

ಶಾಖ, ವಿದ್ಯುತ್, ಡ್ರೈವರ್ ಮೂರೂ ಸರಿಯಿದ್ದರೆ ಕಂಪ್ಯೂಟರಿನ ರ‍್ಯಾಮ್ ನೋಡಬೇಕು. ಮೆಮ್‌ಟೆಸ್ಟ್ 86 ಎಂಬ ಉಚಿತ ಪರೀಕ್ಷೆಯನ್ನು ರಾತ್ರಿ ಓಡಲು ಬಿಟ್ಟರೆ ಬೆಳಿಗ್ಗೆ ಫಲಿತಾಂಶ ಇರುತ್ತದೆ. ಒಂದೇ ಒಂದು ತಪ್ಪು ಕಂಡರೂ ರ‍್ಯಾಮ್ ಮೇಲೆ ಅನುಮಾನ ಪಡಬೇಕು. ಮಳೆಗಾಲದ ತೇವ ಹೆಚ್ಚಿರುವ ಮಲೆನಾಡಿನ ಅಂಚಿನಲ್ಲಿ ಕಾರ್ಡಿನ ಚಿನ್ನದ ಬಣ್ಣದ ಅಂಚು ಮಂಕಾಗಿ ಸಂಪರ್ಕ ಕೆಡುವುದುಂಟು. ಕಾರ್ಡ್ ಹೊರತೆಗೆದು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಮತ್ತೆ ಕೂರಿಸುವುದು ಅಂಗಡಿಗಳ ಹಳೆಯ ಉಪಾಯ.

ಕೊನೆಯ ತೀರ್ಪು ಕೊಡುವುದು ಅದಲುಬದಲು ಪರೀಕ್ಷೆ. ಕಾರ್ಡನ್ನು ಚೆನ್ನಾಗಿರುವ ಇನ್ನೊಂದು ಯಂತ್ರದಲ್ಲಿ ಕೂರಿಸಿದಾಗ ದೋಷ ಅದರ ಜೊತೆಗೆ ಹೋಯಿತೇ, ಇಲ್ಲೇ ಉಳಿಯಿತೇ? ಜೊತೆಗೆ ಹೋದರೆ ಕಾರ್ಡ್ ಕೆಟ್ಟಿದೆ. ಹಳೆಯ ಕಾರ್ಡ್ ಕೊಳ್ಳುವವರು ಈ ಪರೀಕ್ಷೆಯನ್ನು ಹಣ ಕೊಡುವ ಮೊದಲೇ ಮಾಡುವುದು ಲೇಸು. ಈಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರ್ 15ರಂದು ಬದಲಾಗಿ, ಅದಕ್ಕಾಗಿ ಹಗಲಿರುಳು ದುಡಿಯುತ್ತಿದ್ದ ಕಾರ್ಡ್‌ಗಳಿಗೆ ಆ ಕೆಲಸ ಇಲ್ಲವಾಯಿತು. ಅಂಥವು ಬಹಳಷ್ಟು ಹಳೆಯ ಸಾಮಾನಿನ ಪೇಟೆಗೆ ಬಂದವು. ಫ್ಯಾನ್ ಸವೆದ, ಪೇಸ್ಟ್ ಒಣಗಿದ ಕಾರ್ಡ್ ಹೊರಗಿನಿಂದ ಹೊಸದರಂತೆಯೇ ಕಾಣಬಹುದು.

ವಾಸಿಯಾಯಿತು ಎನ್ನುವುದು ಯಾವಾಗ

ಮಕ್ಕಳು ಒಂದು ಸಲ ಆಡಿ ನೋಡಿ, "ಸರಿಯಾಯ್ತು ಸಾರ್" ಎನ್ನುತ್ತಾರೆ. ಪ್ರತಿ ಹದಿನೈದು ನಿಮಿಷಕ್ಕೆ ನಿಲ್ಲುತ್ತಿದ್ದ ಯಂತ್ರ ಎರಡು ಗಂಟೆ ನಿಲ್ಲದೆ ಓಡಿದರೆ ಆ ಮಾತು ನಂಬಬಹುದು. ಎರಡು ದಿನಕ್ಕೊಮ್ಮೆ ನಿಲ್ಲುತ್ತಿದ್ದ ಯಂತ್ರ ಎರಡು ಗಂಟೆ ಓಡಿದರೆ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ಕನಿಷ್ಠ ಒಂದು ವಾರ ಕಾಯಬೇಕು. ದೋಷ ಎಷ್ಟು ಅಪರೂಪವೋ ಕಾಯುವಿಕೆ ಅಷ್ಟು ದೀರ್ಘ. ಪರೀಕ್ಷಿಸುವಾಗ ಅದೇ ಆಟ, ಅದೇ ದೃಶ್ಯ, ಸಾಧ್ಯವಾದರೆ ದಿನದ ಅದೇ ಹೊತ್ತು ಇರಬೇಕು. ಹಳೇಬೀಡಿನಲ್ಲಿ ಮಿತಿಯನ್ನು ಮೊದಲಿನಂತೆ ಮಾಡಿ ದೋಷವನ್ನು ಮತ್ತೆ ಬರಿಸಿ ನೋಡಿದ್ದು ಇದೇ ಕಾರಣಕ್ಕೆ. ಬೇಕೆಂದಾಗ ಬರಿಸಿ, ಬೇಡವೆಂದಾಗ ನಿಲ್ಲಿಸಲು ಬಂದರೆ ಮಾತ್ರ ಕಾರಣ ಕೈಗೆ ಸಿಕ್ಕಿದೆ ಎನ್ನಬಹುದು.

ತರಗತಿಯ 40 ನಿಮಿಷ

ಶಾಲೆಯಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲ. ಮನೆಯಲ್ಲಿ ಕಂಪ್ಯೂಟರೇ ಇಲ್ಲದ ಮಕ್ಕಳು ತರಗತಿಯಲ್ಲಿ ಹೆಚ್ಚು. ಆದ್ದರಿಂದ ಪಾಠವನ್ನು ಎಲ್ಲರ ಕೈಗೂ ಸಿಗುವ ವಸ್ತುಗಳಿಂದ ಕಟ್ಟಿದೆ.

ಮೊದಲ 10 ನಿಮಿಷ ಶಾಖದ್ದು. ಎರಡು ಸ್ಟೀಲ್ ಲೋಟಗಳಲ್ಲಿ ಒಂದೇ ಅಳತೆಯ ಬಿಸಿನೀರು. ಒಂದಕ್ಕೆ ತೆಂಗಿನ ನಾರು ಸುತ್ತಿ, ಇನ್ನೊಂದನ್ನು ಹಾಗೇ ಬಿಟ್ಟು, 2 ನಿಮಿಷಕ್ಕೊಮ್ಮೆ ಉಷ್ಣತಾಮಾಪಕದ ಅಂಕಿಯನ್ನು ಹಲಗೆಯ ಮೇಲೆ ಬರೆಸಬೇಕು. ನಾರು ಶಾಖವನ್ನು ಹಿಡಿದಿಡುವುದು ಅಂಕಿಗಳಲ್ಲೇ ಕಾಣುತ್ತದೆ.

ಮುಂದಿನ 10 ನಿಮಿಷ ವಿದ್ಯುತ್ತಿನದು. ಸವೆದ ಎರಡು ಶುಷ್ಕಕೋಶಗಳಿಗೆ ಒಂದು ಟಾರ್ಚ್ ಬಲ್ಬ್ ಜೋಡಿಸಿದರೆ ಬೆಳಗುತ್ತದೆ. ಆಟಿಕೆಯ ಸಣ್ಣ ಮೋಟಾರನ್ನು ಅದಕ್ಕೆ ಸಮಾಂತರವಾಗಿ ಜೋಡಿಸಿ ಬೆರಳಿನಿಂದ ಅದರ ತಿರುಗಣೆ ತಡೆದರೆ ಬಲ್ಬ್ ಮಂಕಾಗುತ್ತದೆ. ಹೊಸ ಕೋಶಗಳನ್ನು ಹಾಕಿದರೆ ಅಷ್ಟು ಮಂಕಾಗುವುದಿಲ್ಲ. ಹೊರೆ ಬಿದ್ದಾಗಲೇ ದುರ್ಬಲ ಮೂಲದ ಬಣ್ಣ ಬಯಲಾಗುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಕೊನೆಯ 20 ನಿಮಿಷ ಪತ್ತೆಯದು. ಐದೈದು ಮಕ್ಕಳ ಗುಂಪಿಗೆ ಹೊತ್ತದ ಒಂದು ಟಾರ್ಚ್ ಮತ್ತು ಬದಲಿ ಬಿಡಿಭಾಗಗಳು. ಒಂದು ಗುಂಪಿನ ಟಾರ್ಚಿನಲ್ಲಿ ಕೋಶ ಖಾಲಿ, ಇನ್ನೊಂದರಲ್ಲಿ ಬಲ್ಬ್ ಸುಟ್ಟದ್ದು, ಮತ್ತೊಂದರಲ್ಲಿ ಸ್ಪ್ರಿಂಗ್ ತುಕ್ಕು ಹಿಡಿದದ್ದು. ಒಂದು ಸರದಿಗೆ ಒಂದನ್ನೇ ಬದಲಿಸಬೇಕು. ಪ್ರತಿ ಸರದಿಯಲ್ಲೂ ಐದು ಅಂಕಣಗಳ ಪಟ್ಟಿ ತುಂಬಬೇಕು: ಏನು ಕಂಡೆವು, ಏನೆಂದು ಊಹಿಸಿದೆವು, ಏನು ಬದಲಿಸಿದೆವು, ಏನಾಯಿತು, ಊಹೆ ನಿಂತಿತೇ ಬಿದ್ದಿತೇ.

ಮೌಲ್ಯಮಾಪನದಲ್ಲಿ ನಾನು ಅಂಕ ಕೊಟ್ಟದ್ದು ಪಟ್ಟಿಗೆ, ಹೊತ್ತಿದ ಟಾರ್ಚಿಗಲ್ಲ. ಒಂದು ಗುಂಪು ಅದೃಷ್ಟದಿಂದ ಮೊದಲ ಸರದಿಯಲ್ಲೇ ಟಾರ್ಚ್ ಹೊತ್ತಿಸಿತು, ಪಟ್ಟಿ ಖಾಲಿ ಬಿಟ್ಟಿತ್ತು. ಇನ್ನೊಂದು ಗುಂಪು ನಾಲ್ಕನೆಯ ಸರದಿಯಲ್ಲಿ ಹೊತ್ತಿಸಿತು, ಮೂರು ಬಿದ್ದ ಊಹೆಗಳನ್ನು ಅಚ್ಚುಕಟ್ಟಾಗಿ ಬರೆದಿತ್ತು. ಹೆಚ್ಚು ಅಂಕ ಎರಡನೆಯ ಗುಂಪಿಗೆ ಹೋಯಿತು. ಮೊದಲ ಗುಂಪು ಜಗಳಕ್ಕೆ ಬಂದಾಗ ಅವರಿಗೆ ತುಕ್ಕು ಹಿಡಿದ ಸ್ಪ್ರಿಂಗಿನ ಟಾರ್ಚ್ ಕೊಟ್ಟೆ. ಅದೃಷ್ಟ ಎರಡನೆಯ ಸಲ ಬರಲಿಲ್ಲ, ಪಟ್ಟಿ ತಾನಾಗಿ ತುಂಬತೊಡಗಿತು.

ಪ್ರಶಿಕ್ಷಣಾರ್ಥಿ ಮಿತ್ರರು ಈ ಪಾಠವನ್ನು ತಮ್ಮ ಶಾಲೆಗೆ ಒಗ್ಗಿಸಿಕೊಳ್ಳುವಾಗ ಒಂದನ್ನು ನೆನಪಿನಲ್ಲಿಡಬೇಕು. ಮೂರು ಮನೆಗಳ ಮೂರು ಯಂತ್ರಗಳು ಹೊರಗೆ ತೋರಿದ್ದು ಒಂದೇ ಕಪ್ಪು ಪರದೆ. ನಮ್ಮ ಮುಂದೆ ಕೂತ ಮೂವರು ಮಕ್ಕಳು ಒಂದೇ ಲೆಕ್ಕಕ್ಕೆ ಒಂದೇ ತಪ್ಪು ಉತ್ತರ ಬರೆದಾಗಲೂ ಹಾಗೆಯೇ. ಒಬ್ಬನಿಗೆ ಮಗ್ಗಿ ಬಾರದು, ಒಬ್ಬಳಿಗೆ ಪ್ರಶ್ನೆಯ ಭಾಷೆ ತಿಳಿಯದು, ಇನ್ನೊಬ್ಬ ಬೆಳಿಗ್ಗೆಯಿಂದ ಊಟ ಮಾಡಿಲ್ಲ. ಮೂವರಿಗೂ ಅದೇ ಲೆಕ್ಕವನ್ನು ಹತ್ತು ಸಲ ಬರೆದು ತರಲು ಹೇಳುವುದೆಂದರೆ ಫಾರ್ಮ್ಯಾಟ್ ಮಾಡಿದಂತೆಯೇ. ಮುಂದಿನ ಸಲ ನೈದಾನಿಕ ಪರೀಕ್ಷೆಯ ದಾಖಲೆ ಬರೆಯುವಾಗ ಅಂಕಗಳ ಪಕ್ಕದಲ್ಲಿ ಮಕ್ಕಳ ಪಟ್ಟಿಯ ಆ ಐದು ಅಂಕಣಗಳನ್ನೂ ಎಳೆದುಕೊಳ್ಳಿ, ಪ್ರತಿ ಮಗುವಿಗೂ ಒಂದೊಂದು ಸಾಲು ಬಿಡಿ.